ಮೊದಲ ಮೇಲ್ ಸರ್ವರ್: ಕೈಯಾರೆ ಕಟ್ಟುವುದೇ, ಸಿದ್ಧ ಕಟ್ಟನ್ನು ಹಾಕಿಕೊಳ್ಳುವುದೇ?

ಇಮೇಲ್ ಪತ್ರಗಳನ್ನು ಕಳಿಸಿ ಸ್ವೀಕರಿಸುವ ಪೋಸ್ಟ್‌ಫಿಕ್ಸ್ ಮತ್ತು ಅವನ್ನು ಇಟ್ಟುಕೊಂಡು ಓದಲು ಕೊಡುವ ಡವ್‌ಕಾಟ್‌ಗಳನ್ನು ಕೈಯಾರೆ ಜೋಡಿಸುವುದು, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಕೊಡುವ ಸಿದ್ಧ ಕಟ್ಟುಗಳಾದ ಮೇಲ್‌ಕೌ, ಮೇಲ್-ಇನ್-ಎ-ಬಾಕ್ಸ್: ಹೊಸಬರ ಮುಂದಿರುವ ಈ ಮೂರೂ ದಾರಿಗಳಲ್ಲಿ ತಂತ್ರಾಂಶಕ್ಕೆ ಹಣವಿಲ್ಲ, ಖರ್ಚಿನ ವ್ಯತ್ಯಾಸವೆಲ್ಲ ಬಾಡಿಗೆ ಯಂತ್ರದ ಮೆಮೊರಿಯಲ್ಲಿದೆ. ಮೊದಲನೆಯದಕ್ಕೂ ಮೂರನೆಯದಕ್ಕೂ 1 ಜಿಬಿ ಸಾಕಾದರೆ, ಡಾಕರ್ (ಪ್ರತಿ ಸೇವೆಯನ್ನೂ ಪ್ರತ್ಯೇಕ ಡಬ್ಬಿಯಲ್ಲಿಟ್ಟಂತೆ ನಡೆಸುವ ತಂತ್ರಾಂಶ) ಮೇಲೆ ಹಲವು ಸೇವೆಗಳನ್ನು ಒಟ್ಟಿಗೆ ನಡೆಸುವ ಮೇಲ್‌ಕೌ ಸುಮಾರು 6 ಜಿಬಿ ಬೇಡುತ್ತದೆ.

ಕಲಿಕೆಯ ವಿಷಯದಲ್ಲಿ ಕೈಯಾರೆ ಕಟ್ಟುವುದಕ್ಕೆ ಸಾಟಿಯಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಉದಾಹರಣೆಗೆ, ಒಂದೇ ಡೊಮೇನನ್ನು (ವಿಳಾಸದಲ್ಲಿ @ ನಂತರದ ಹೆಸರು) ಪೋಸ್ಟ್‌ಫಿಕ್ಸ್‌ನ ‘ಮೈಡೆಸ್ಟಿನೇಷನ್’ ಸಾಲಿನಲ್ಲೂ (ಯಂತ್ರದ ಬಳಕೆದಾರರಿಗೇ ಪತ್ರ ತಲುಪಿಸುವ ಡೊಮೇನುಗಳು) ವರ್ಚುವಲ್ ಡೊಮೇನುಗಳ ಪಟ್ಟಿಯಲ್ಲೂ (ಯಂತ್ರದಲ್ಲಿ ಬಳಕೆದಾರರಿಲ್ಲದೆಯೂ ಖಾತೆಗಳಿರುವ ಡೊಮೇನುಗಳು) ಬರೆದರೆ, ಪೋಸ್ಟ್‌ಫಿಕ್ಸ್ ಪತ್ರದ ವಿಳಾಸದಾರನನ್ನು ಯಂತ್ರದ ಬಳಕೆದಾರರಲ್ಲಿ ಹುಡುಕಿ, ಸಿಗದೆ, ಪತ್ರವನ್ನು ತಿರಸ್ಕರಿಸುತ್ತದೆ. ಸರ್ವರ್ ತನ್ನ ಕೆಲಸವನ್ನು ದಾಖಲಿಸುವ ಲಾಗ್ ಫೈಲಿನಲ್ಲಿ ಈ ತಪ್ಪಿನ ಬಗ್ಗೆ ಬರುವ ಎಚ್ಚರಿಕೆಯ ಸಾಲನ್ನು ಒಮ್ಮೆ ಓದಿದವರಿಗೆ ಪತ್ರ ಸಾಗುವ ದಾರಿ ಮನದಟ್ಟಾಗುತ್ತದೆ. ಆದರೆ ಸ್ಪ್ಯಾಮ್ ಸೋಸುವಿಕೆ, ಪತ್ರ ನಿಮ್ಮ ಡೊಮೇನಿನದೇ ಎಂದು ತೋರಿಸುವ ಡಿಕಿಮ್ ಸಹಿ, ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಪ್ರಮಾಣಪತ್ರದ ನವೀಕರಣ ಎಲ್ಲವೂ ನಿಮ್ಮ ಹೆಗಲಿಗೇ ಬೀಳುತ್ತವೆ.

ನಿರ್ವಹಣೆ ಹಗುರವಾಗಿರಬೇಕೆಂದರೆ ಮೇಲ್-ಇನ್-ಎ-ಬಾಕ್ಸ್ ಒಳ್ಳೆಯದು. ಡೊಮೇನಿನ ಪತ್ರ ಯಾವ ಯಂತ್ರಕ್ಕೆ ಹೋಗಬೇಕೆಂದು ಇತರರಿಗೆ ತಿಳಿಸುವ ಡಿಎನ್‌ಎಸ್ ದಾಖಲೆಗಳನ್ನೂ ತಾನೇ ನೋಡಿಕೊಳ್ಳುತ್ತದೆ, ಆದರೆ ಉಬುಂಟು ಲಿನಕ್ಸನ್ನು ಹೊಸದಾಗಿ ಹಾಕಿದ ಯಂತ್ರವನ್ನು ಇಡಿಯಾಗಿ ತನಗೇ ಬಿಟ್ಟುಕೊಡಬೇಕೆನ್ನುತ್ತದೆ. ಹಲವು ಡೊಮೇನುಗಳ, ಹತ್ತಾರು ಜನರ ಖಾತೆಗಳನ್ನು ವೆಬ್ ಪುಟದಿಂದಲೇ ನಡೆಸಬೇಕಾದ ಸಣ್ಣ ಕಚೇರಿಗೆ ಮೇಲ್‌ಕೌ ಹೊಂದುತ್ತದೆ.

ಯಾವುದನ್ನೇ ಆರಿಸಿದರೂ, ಯಂತ್ರ ಬಾಡಿಗೆಗೆ ಪಡೆಯುವ ಮುನ್ನವೇ ಸರ್ವರುಗಳು ಒಂದಕ್ಕೊಂದು ಪತ್ರ ಕಳಿಸುವ 25ನೇ ಪೋರ್ಟ್ ತೆರೆದಿದೆಯೇ, ಯಂತ್ರದ ಐಪಿ ವಿಳಾಸದಿಂದ ಅದರ ಹೆಸರನ್ನು ತಿಳಿಸುವ ಪಿಟಿಆರ್ ದಾಖಲೆ ಹಾಕಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಅನೇಕ ಕ್ಲೌಡ್ ಕಂಪನಿಗಳು ಆ ಪೋರ್ಟನ್ನು ಮೊದಲಿಗೆ ಮುಚ್ಚಿಯೇ ಕೊಡುತ್ತವೆ. ಕಲಿಯುವುದೇ ಗುರಿಯಾಗಿದ್ದರೆ ಬಳಕೆಯಲ್ಲಿಲ್ಲದ ಡೊಮೇನೊಂದರ ಮೇಲೆ ಪೋಸ್ಟ್‌ಫಿಕ್ಸ್ ಕಟ್ಟಿ ನೋಡಿ. ಮನೆಯವರ ಪತ್ರಗಳು ಮುಂದಿನ ವಾರವೇ ಅಲ್ಲಿಗೆ ಬರಬೇಕಾಗಿದ್ದರೆ ಸಿದ್ಧ ಕಟ್ಟನ್ನೇ ಹಿಡಿಯಿರಿ.