ಸಂತೆಯ ಕೈಮೆಷಿನ್, ಅತ್ತೆಯ ಹಿತ್ತಾಳೆ ಫಿಲ್ಟರ್: ಎಂಟು ವರ್ಷ ಬಳಸಿದ ಮೇಲೆ

ಮಡಿಕೇರಿಯ ಶುಕ್ರವಾರದ ಸಂತೆಗೆ ತರಕಾರಿ ತರೋಕೆ ಹೋದವನು ಹಸಿಮೆಣಸಿನ ಜೊತೆ ನಾಲ್ಕು ಕೆ.ಜಿ. ಕಬ್ಬಿಣವನ್ನೂ ಹೊತ್ತು ಬಂದೆ. ಕೈಯಲ್ಲಿ ತಿರುಗಿಸಿ ಕಾಫಿ ಬೀಸುವ ಹಳೇ ಮೆಷಿನ್. ಗುಜರಿಯವನು 2,500 ಹೇಳಿ 1,800ಕ್ಕೆ ಕೊಟ್ಟ. ಅದು 2017. ಬಣ್ಣವೆಲ್ಲ ಎದ್ದು ಹೋಗಿದ್ದರಿಂದ ಯಾವ ಕಂಪನಿಯದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಮೈಮೇಲೆ ಲಂಡನ್ನಿನ ಸ್ಪಾಂಗ್ ಹೆಸರಿದ್ದಿದ್ದರೆ ಇನ್ನೂ ಜಾಸ್ತಿ ಕೇಳುತ್ತಿದ್ದ ಬಿಡಿ.

ಮೊದಲ ತಿಂಗಳು ದುಡ್ಡು ದಂಡ ಅನ್ನಿಸಿತು. ಪುಡಿಯಲ್ಲಿ ಅರ್ಧ ರವೆ, ಅರ್ಧ ಹಿಟ್ಟು. ಒಳಗೆ ಹಲ್ಲಿರುವ ಎರಡು ಬಿಲ್ಲೆಗಳಿವೆ. ಒಂದು ಅಲುಗಾಡುವುದಿಲ್ಲ, ಇನ್ನೊಂದು ಹಿಡಿಯ ಜೊತೆ ತಿರುಗುತ್ತದೆ. ಮುಂದಿನ ತಿರುಪು ಬಿಗಿ ಮಾಡಿದಷ್ಟೂ ಬಿಲ್ಲೆಗಳು ಹತ್ತಿರ ಬಂದು ಪುಡಿ ನುಣ್ಣಗಾಗುತ್ತದೆ. ಹಿಂದೆ ಯಾರೋ ಅಳತೆ ತಪ್ಪಿದ ವಾಷರ್ ಹಾಕಿದ್ದರಿಂದ ತಿರುಗುವ ಬಿಲ್ಲೆ ಒಂದು ಕಡೆ ವಾಲಿತ್ತು. ಲೇತ್ ಅಂಗಡಿಯಲ್ಲಿ ವಾಷರ್ ಮಾಡಿಸಿ, ಸವೆದ ಹಲ್ಲುಗಳಿಗೆ ಅರ ಹಾಕಿಸಿದೆ. ಬೀಸುವ ಕಲ್ಲಿಗೆ ಉಳಿಪೆಟ್ಟು ಹಾಕಿಸುತ್ತಿದ್ದರಲ್ಲ, ಹಾಗೆ. 250 ರೂಪಾಯಿ ಆಯಿತು. ಆಮೇಲೆ ಬಂದದ್ದು ಪುಡಿ.

ನಮ್ಮದು ರೋಬಸ್ಟಾ. ಕೊಡಗಿನಲ್ಲಿ ಜಾಸ್ತಿ ಬೆಳೆಯೋದೂ ಅದೇ. ಬಾಣಲೆಯಲ್ಲಿ ಹುರಿದು, ಒಂದು ದಿನ ಬಿಟ್ಟು ಬೀಸುತ್ತೇನೆ. ಹುರಿದದ್ದು ಕಡಿಮೆಯಾದರೆ ಬೀಜ ಕಲ್ಲಿನ ಹಾಗೆ, ಭುಜ ಹೇಳುತ್ತದೆ. ಎರಡು ಲೋಟಕ್ಕಾಗುವಷ್ಟು ಬೀಸೋಕೆ ನಾಲ್ಕೈದು ನಿಮಿಷ. ಇಬ್ಬರೇ ಇದ್ದರೆ ಇದಕ್ಕಿಂತ ಒಳ್ಳೆಯದು ಬೇಡ. ಹಬ್ಬಕ್ಕೆ ಹದಿನೈದು ಜನ ಬಂದರೆ ಮಾತ್ರ ಸುಮ್ನೆ ಅಂಗಡಿಯ ಪುಡಿ ತನ್ನಿ. ಹುತ್ತರಿಯ ದಿನ ಒಮ್ಮೆ ಹಠ ಮಾಡಿ ಬೀಸಿದ್ದೆ. ಮಾರನೇ ದಿನ ಗೇಟಿನ ಚಿಲಕ ತೆಗೆಯೋಕೂ ಕೈ ಬರಲಿಲ್ಲ.

ಇದರ ಶತ್ರು ನಮ್ಮ ಮಳೆ. ಜುಲೈನಲ್ಲಿ ಮೂರು ದಿನ ಮುಟ್ಟದೆ ಬಿಟ್ಟರೆ ಹಲ್ಲಿನ ಮೇಲೆ ಕೆಂಪು ತುಕ್ಕು. ಶುರುವಿನಲ್ಲಿ ಕೊಬ್ಬರಿ ಎಣ್ಣೆ ಸವರಿದೆ. ಎರಡು ವಾರ ಕಾಫಿಯಲ್ಲೆಲ್ಲ ಕಮಟು ವಾಸನೆ. ಈಗ ಒಂದು ಹಿಡಿ ಒಣ ಅಕ್ಕಿ ಬೀಸಿ, ಬ್ರಷ್‌ನಲ್ಲಿ ಉಜ್ಜಿ, ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ. ನೀರು ಮುಟ್ಟಿಸುವುದೇ ಇಲ್ಲ.

ಫಿಲ್ಟರ್ ಕೊಟ್ಟದ್ದು ಅತ್ತೆ. ಹಿತ್ತಾಳೆಯದ್ದು, ಒಳಗೆ ತವರದ ಕಲಾಯಿ. ಸ್ಟೀಲ್ ಫಿಲ್ಟರಿನ ತೂತು ಕಟ್ಟಿಕೊಂಡರೆ ಮೇಲಿನ ಪಾತ್ರೆಯನ್ನು ಗ್ಯಾಸಿನ ಉರಿಗೆ ಹಿಡಿಯುತ್ತೇವೆ ಅಲ್ವಾ? ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಇದಕ್ಕೂ ಹಾಗೇ ಮಾಡಿದೆ. ಅರ್ಧ ನಿಮಿಷದಲ್ಲಿ ತಳ ಫಳಫಳ ಅಂದಿತು. ಆಹಾ, ಕೊಳೆ ಬಿಟ್ಟಿತು ಅಂದುಕೊಂಡೆ. ಓರೆ ಮಾಡಿ ನೋಡಿದರೆ ಬೆಳ್ಳಿಯ ಮಣಿಯಂಥದ್ದೊಂದು ಅಂಚಿಗೆ ಉರುಳಿ ಬಂತು. ಕಲಾಯಿ! ತವರ 232 ಡಿಗ್ರಿಗೇ ಕರಗುತ್ತದೆ, ಗ್ಯಾಸಿನ ಉರಿಗೆ ಅದು ಯಾವ ಲೆಕ್ಕ?

ಕಲಾಯಿ ಹೋದ ಹಿತ್ತಾಳೆಯಲ್ಲಿ ಕಾಫಿ ಇಳಿಸುವ ಹಾಗಿಲ್ಲ, ಕಿಲುಬು ಹಿಡಿಯುತ್ತದೆ. ಕಲಾಯಿ ಹಾಕುವವರನ್ನು ಹುಡುಕೋಕೆ ಎರಡು ತಿಂಗಳು ಬೇಕಾಯಿತು. ಕೊನೆಗೆ ಸಿಕ್ಕ ಅಜ್ಜ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಮ್ಮೆ ಒರೆಸಿದರು. ಬಿಳಿ ಹೊಗೆ ಎದ್ದು ಮನೆಯೆಲ್ಲ ಘಾಟು. ಪಾತ್ರೆಯೇನೋ ಕನ್ನಡಿಯಾಯಿತು, ಆದರೆ ಕಾಲು ಭಾಗ ತೂತುಗಳೂ ಮುಚ್ಚಿಹೋದವು. ಸೂಜಿಯಲ್ಲಿ ಕೆಲವನ್ನು ಬಿಡಿಸಿದೆ, ಉಳಿದವು ಜಪ್ಪಯ್ಯ ಅನ್ನಲಿಲ್ಲ. ಮೊದಲು ಇಪ್ಪತ್ತು ನಿಮಿಷಕ್ಕೆ ಇಳಿಯುತ್ತಿದ್ದ ಡಿಕಾಕ್ಷನ್‌ಗೆ ಈಗ ಮುಕ್ಕಾಲು ಗಂಟೆ. ಹೇಳಬಾರದು, ಮೊದಲಿಗಿಂತ ಗಟ್ಟಿಯಾಗಿ ಇಳಿಯುತ್ತಿದೆ. ಬೆಲ್ಲ ಹಾಕಿ ಕುಡಿಯುವವರಿಗೆ ಇನ್ನೇನು ಬೇಕು?

"ಕೇಳಿದ್ದರೆ ನಾನೇ ಹೇಳ್ತಿದ್ದೆನಲ್ಲ, ಬಿಸಿನೀರಲ್ಲಿ ನೆನೆಸಿಟ್ಟು ಉಜ್ಜಿ ಅಂತ" ಅಂದರು ಅತ್ತೆ.

ಹಳೇ ಮೆಷಿನ್ ಕೊಳ್ಳುವವರಿಗೆ ಒಂದೇ ಮಾತು. ಬಣ್ಣ ನೋಡಬೇಡಿ. ತಿರುಪು ಬಿಚ್ಚಿಸಿ ಹಲ್ಲಿನ ಮೇಲೆ ಬೆರಳಾಡಿಸಿ, ಹಿಡಿ ತಿರುಗಿಸಿ ಬಿಲ್ಲೆ ಓಲಾಡುತ್ತದಾ ನೋಡಿ. ಬಿಚ್ಚೋಕೆ ಬಿಡದ ಅಂಗಡಿಯಿಂದ ಮುಂದೆ ನಡೆಯಿರಿ. ಇಷ್ಟು ಹೇಳುವ ನಾನೇ ಹೋದ ವರ್ಷ ಬಿಡಿಭಾಗಕ್ಕೆ ಇರಲಿ ಅಂತ ಇನ್ನೊಂದು ತಂದೆ. ಅದಕ್ಕೆ ಹಿಡಿಯೇ ಇಲ್ಲ. ಸದ್ಯಕ್ಕೆ ಬಾಗಿಲು ಬಡಿಯದ ಹಾಗೆ ಒತ್ತು ಕೊಟ್ಟಿದ್ದೇವೆ.