ಕತ್ತಿ ಮುಟ್ಟುವ ಮೊದಲಿನ ಕಾಲು ಗಂಟೆ: ಶಿರಸಿಯಿಂದ ಮನೆಗೆ ಬರುವ ಕ್ಷೌರಿಕರು

ಶಿರಸಿ ಪೇಟೆಯಿಂದ ಹುಲೇಕಲ್ ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ನಮ್ಮ ಹಳ್ಳಿಗೆ ಬಂದು ಅಪ್ಪನ ಗಡ್ಡ ತೆಗೆದು ಹೋಗುವ ಕ್ಷೌರಿಕರೊಬ್ಬರಿದ್ದಾರೆ. ದೇವಿಕೆರೆಯ ಹತ್ತಿರ ಓಣಿಯೊಂದರಲ್ಲಿ ಎರಡು ಕುರ್ಚಿಯ ಸಣ್ಣ ಅಂಗಡಿ ಅವರದು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಆ ಭಾಗದಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮನೆಯಲ್ಲಿ ವಯಸ್ಸಾದವರೋ ಹಾಸಿಗೆ ಹಿಡಿದವರೋ ಇರುವವರಿಗೆ ಉಪಯೋಗವಾಗಲಿ ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಗಡ್ಡ ತೆಗೆಯಲು ಅವರಿಗೆ ಹತ್ತು ನಿಮಿಷ ಸಾಕು. ಅದಕ್ಕೆ ಮೊದಲು ಚರ್ಮವನ್ನು ಹದ ಮಾಡಲು ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ನಾನು ದುಡ್ಡು ಕೊಡುವುದು ಆ ಕಾಲು ಗಂಟೆಗೆ.

ಅಪ್ಪನಿಗೆ ಎಂಬತ್ತು ದಾಟಿದೆ. ಪಾರ್ಶ್ವವಾಯುವಿನ ನಂತರ ಬಲಗೈ ಸ್ವಾಧೀನದಲ್ಲಿಲ್ಲ. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನಡೆಯುತ್ತಿದೆ. ಇಂಥವರಿಗೆ ಸಣ್ಣ ಗೀರು ಬಿದ್ದರೂ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಪಸೆ ಆರುತ್ತದೆ, ಬಿಗಿ ಹೋಗಿ ಸುಕ್ಕುಗಟ್ಟುತ್ತದೆ. ಅಪ್ಪನ ಗಡ್ಡದ ಕೂದಲು ಮಾತ್ರ ಮೊದಲಿನಷ್ಟೇ ಒರಟು. ಇವರಿಗಿಂತ ಮುಂಚೆ ಬರುತ್ತಿದ್ದ ಒಬ್ಬರು ಪ್ಲಾಸ್ಟಿಕ್ ಬಾಟಲಿಯಿಂದ ತಣ್ಣೀರು ಚಿಮುಕಿಸಿ, ಡಬ್ಬಿಯ ನೊರೆ ಬಳಿದು, ಮರುಗಳಿಗೆಯೇ ಬ್ಲೇಡ್ ಇಡುತ್ತಿದ್ದರು. ಅವರು ಹೋದ ಮೇಲೆ ಕತ್ತಿನ ಮೇಲೆಲ್ಲ ಕೆಂಪು ಚುಕ್ಕೆ, ಒಂದೆರಡು ಕಡೆ ಹತ್ತಿಯ ತುಣುಕು. ಅಪ್ಪ ದೂರು ಹೇಳುತ್ತಿರಲಿಲ್ಲ, ಮುಂದಿನ ಸಲ ಗಡ್ಡವೇ ಬೇಡ ಎನ್ನುತ್ತಿದ್ದರು. ತೋಟಕ್ಕೆ ಹೋಗುವ ಮುನ್ನವೂ ಮುಖ ನುಣ್ಣಗೆ ಮಾಡಿಕೊಳ್ಳುತ್ತಿದ್ದ ಮನುಷ್ಯ ಹಾಗೆನ್ನುವುದನ್ನು ಕೇಳಲು ನನಗೆ ಸಂಕಟವಾಗುತ್ತಿತ್ತು.

ಈಗಿನವರು ಬಂದವರೇ ಚೀಲ ಬಿಚ್ಚುವುದಿಲ್ಲ. ಮೊದಲು ಕೈ ತೊಳೆದು ಅಪ್ಪನನ್ನು ಜಗಲಿಯ ಕುರ್ಚಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸುತ್ತಾರೆ. ಬೆನ್ನಿಗೆ ದಿಂಬು, ಕತ್ತಿನ ಹಿಂದೆ ಸುರುಳಿ ಸುತ್ತಿದ ಟವೆಲ್. ಮಲಗಿಸಿ ಮಾಡಿದರೆ ನೊರೆ ಬಾಯಿಗೂ ಮೂಗಿಗೂ ಹರಿಯುತ್ತದೆ. ಸುರುಳಿ ಕೊಟ್ಟರೆ ಗದ್ದ ಮೇಲಾಗಿ ಕತ್ತಿನ ಚರ್ಮ ತಾನಾಗಿ ಬಿಗಿಯುತ್ತದೆ. ಆಮೇಲೆ "ಹೆಗಡೆಯವರೇ, ಹಲ್ಲು ಹಾಕಿಕೊಳ್ಳಿ" ಎನ್ನುತ್ತಾರೆ. ಹಲ್ಲಿನ ಸೆಟ್ ಇಲ್ಲದಿದ್ದರೆ ಕೆನ್ನೆ ಒಳಕ್ಕೆ ಹೋಗಿ ಗುಳಿ ಬೀಳುತ್ತದೆ, ಬ್ಲೇಡ್ ತಾಗುವುದು ಆ ಗುಳಿಯ ಅಂಚಿನಲ್ಲೇ. ಸೆಟ್ ಹಾಕಿದ ಕೂಡಲೇ ಮುಖ ತುಂಬಿಕೊಳ್ಳುತ್ತದೆ. ಮೊದಲ ಸಲ ಬಂದಾಗಲೇ ಅವರು ಇದನ್ನು ಕೇಳಿದರು. ಇವರಿಗೆ ಕೆಲಸ ಗೊತ್ತು ಎಂದು ನನಗೆ ಖಾತ್ರಿಯಾದದ್ದು ಆಗಲೇ.

ನಂತರ ಒಣಗಡ್ಡದ ಮೇಲೆ ಬೆರಳ ತುದಿ ಆಡಿಸುತ್ತಾರೆ. ಅಪ್ಪನ ಕೆನ್ನೆಯ ಮೇಲೆ ಕೂದಲು ಕೆಳಮುಖವಾಗಿದೆ; ಕತ್ತಿನ ಎಡಭಾಗದಲ್ಲಿ ಅಡ್ಡಕ್ಕೆ ಹೊರಳಿ, ಗಂಟಲ ಕುಳಿಯ ಬಳಿ ಮೇಲ್ಮುಖವಾಗುತ್ತದೆ. ಸವರಿದಾಗ ಎಲ್ಲಿ ನುಣುಪು, ಎಲ್ಲಿ ಚುಚ್ಚುತ್ತದೆ ಎಂದು ತಿಳಿದುಕೊಳ್ಳಬೇಕಾದದ್ದು ಈಗಲೇ, ನೊರೆ ಬಳಿದ ಮೇಲೆ ಏನೂ ಕಾಣುವುದಿಲ್ಲ. ದವಡೆಯ ಕೆಳಗೊಂದು ನರಹುಲಿ ಇದೆ, ಅದನ್ನೂ ಪ್ರತಿ ಸಲ ಮುಟ್ಟಿ ಗುರುತು ಮಾಡಿಕೊಳ್ಳುತ್ತಾರೆ. ಗಡ್ಡ ಉದ್ದವಾಗಿದ್ದರೆ ಮೊದಲು ಟ್ರಿಮ್ಮರ್‌ನಿಂದ ಗಿಡ್ಡ ಮಾಡುತ್ತಾರೆ. ಉದ್ದ ಕೂದಲು ಬ್ಲೇಡಿಗೆ ಸಿಕ್ಕಿ ಎಳೆಯುತ್ತದೆ.

ಇನ್ನು ನೀರು. ನಮ್ಮ ಬಚ್ಚಲ ಹಂಡೆ ಅಡಿಕೆ ಸಿಪ್ಪೆಯ ಬೆಂಕಿಯಲ್ಲಿ ಬೆಳಗಿನಿಂದ ಕಾಯುತ್ತಲೇ ಇರುವುದರಿಂದ ಬಿಸಿನೀರಿಗೆ ಕೊರತೆಯಿಲ್ಲ. ಅವರು ಅದಕ್ಕೆ ತಣ್ಣೀರು ಬೆರೆಸಿ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡುತ್ತಾರೆ. ಸುಡುನೀರು ಮುದಿ ಚರ್ಮದ ಅಷ್ಟಿಷ್ಟು ಪಸೆಯನ್ನೂ ತೆಗೆದುಬಿಡುತ್ತದೆ. ಉಗುರುಬೆಚ್ಚಗಿಂತ ತುಸು ಹೆಚ್ಚಿದ್ದರೆ ಸಾಕು. ಮೊದಲು ಸಾಬೂನಿನಿಂದ ಮುಖ ತೊಳೆದು ಕೂದಲ ಮೇಲಿನ ಜಿಡ್ಡು ತೆಗೆಯುತ್ತಾರೆ, ಜಿಡ್ಡಿದ್ದಲ್ಲಿ ನೀರು ಇಳಿಯುವುದಿಲ್ಲ. ಆಮೇಲೆ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮೂಗು ಬಿಟ್ಟು ಕೆನ್ನೆ, ಗದ್ದ, ಕತ್ತಿಗೆ ಸುತ್ತುತ್ತಾರೆ. ಆರುತ್ತಿದ್ದಂತೆ ಮತ್ತೆ ಅದ್ದುತ್ತಾರೆ, ಮತ್ತೆ ಸುತ್ತುತ್ತಾರೆ. "ತಂಗಿ, ಇನ್ನೊಂದು ಚೊಂಬು ಬೇಕಾಗಿತ್ತು" ಎಂಬ ಕೂಗು ಬರುವುದು ಈ ಹೊತ್ತಿನಲ್ಲಿ. ಅಪ್ಪ ಕಣ್ಣು ಮುಚ್ಚಿ ಕುಳಿತಿರುತ್ತಾರೆ, ಹಣೆಯ ಗಂಟು ಸಡಿಲವಾಗಿರುತ್ತದೆ.

ಇದು ಬರೀ ಉಪಚಾರವಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು, ಒಣಗಿದ್ದಾಗ ಬಹಳ ಗಟ್ಟಿ. ಚೆನ್ನಾಗಿ ನೆನೆದಾಗ ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರಿಕೊಂಡು, ಶೇ. 15ರ ಆಸುಪಾಸು ದಪ್ಪವಾಗಿ ಮೆತ್ತಗಾಗುತ್ತದೆ. ಅದಕ್ಕೆ ಎರಡು ಮೂರು ನಿಮಿಷವಾದರೂ ಬೇಕು. ಮೆತ್ತಗಾದ ಕೂದಲು ಹಗುರವಾಗಿ ತಾಗಿಸಿದರೂ ತುಂಡಾಗುತ್ತದೆ. ಬ್ಲೇಡನ್ನು ಒತ್ತಬೇಕಾದ ಅಗತ್ಯ ಕಡಿಮೆಯಾದಷ್ಟೂ ಚರ್ಮ ಉಳಿಯುತ್ತದೆ. ನೀರು ಚಿಮುಕಿಸಿದ ಮರುಗಳಿಗೆ ಬ್ಲೇಡ್ ಇಡುವುದೆಂದರೆ ಒಣಗಡ್ಡ ಹೆರೆಯುವುದೇ. ದುಬಾರಿ ಕ್ರೀಮ್ ಆಗಲಿ, ಐದು ಬ್ಲೇಡಿನ ರೇಜರ್ ಆಗಲಿ ಈ ಮೂರು ನಿಮಿಷದ ಕೆಲಸ ಮಾಡಲಾರವು ಎಂದು ಅಪ್ಪನ ಮುಖ ನೋಡಿದ ಮೇಲೆ ನಾನು ಧೈರ್ಯವಾಗಿ ಹೇಳಬಲ್ಲೆ.

ನಮ್ಮ ಚಿಕ್ಕಪ್ಪ ಮೊದಲೇ ಕೊಬ್ಬರಿ ಎಣ್ಣೆ ತಿಕ್ಕಬೇಕೆಂದು ಪಟ್ಟು ಹಿಡಿದರು. ಕ್ಷೌರಿಕರು ಬೇಡವೆನ್ನಲಿಲ್ಲ. "ಎಣ್ಣೆ ಹಾಕೋಣ, ಮೊದಲು ಕೂದಲು ನೀರು ಕುಡಿಯಲಿ" ಎಂದರು. ಟವೆಲ್ ತೆಗೆದ ಮೇಲೆ, ಇನ್ನೂ ಒದ್ದೆಯಿರುವ ಚರ್ಮದ ಮೇಲೆ, ಅಂಗೈಯಲ್ಲಿ ಉಜ್ಜಿಕೊಂಡ ಎರಡೇ ಹನಿ. ಬ್ಲೇಡ್ ಜಾರಲು ಅಷ್ಟು ಸಾಕು.

ಬ್ರಷ್ ಅಷ್ಟು ಹೊತ್ತೂ ಚೊಂಬಿನಲ್ಲಿ ನೆನೆಯುತ್ತಿರುತ್ತದೆ. ಹಂದಿಕೂದಲಿನ ಬ್ರಷ್ ಒಣಗಿದ್ದಾಗ ಚುಚ್ಚುತ್ತದೆ, ನೆನೆದರೆ ಮೃದು. ಬಟ್ಟಲಿನಲ್ಲಿ ಸಾಬೂನಿನ ಮೇಲೆ ತಿರುವುತ್ತಾ ಹನಿಹನಿಯಾಗಿ ನೀರು ಸೇರಿಸುತ್ತಾರೆ. ದೊಡ್ಡ ಗುಳ್ಳೆಯ ನೊರೆ ಅವರಿಗೆ ಒಪ್ಪಿಗೆಯಿಲ್ಲ, ಅದು ಎರಡೇ ನಿಮಿಷದಲ್ಲಿ ಒಣಗುತ್ತದಂತೆ. ಗುಳ್ಳೆ ಕಾಣದೆ, ಹೊಳಪು ಬಂದು, ಗಟ್ಟಿ ಮೊಸರಿನಂತೆ ಬ್ರಷ್ಷಿಗೆ ಅಂಟಿ ನಿಲ್ಲುವವರೆಗೆ ಬಿಡುವುದಿಲ್ಲ. ಮುಖದ ಮೇಲೆ ಮೊದಲು ಸುತ್ತುಸುತ್ತಾಗಿ ಉಜ್ಜಿ ಮಲಗಿದ ಕೂದಲನ್ನು ಎಬ್ಬಿಸುತ್ತಾರೆ, ನಂತರ ಚಪ್ಪಟೆಯಾಗಿ ಎಳೆದು ಸಮ ಮಾಡುತ್ತಾರೆ. ಕೂದಲು ಕುಡಿದ ನೀರು ಆರಿ ಹೋಗದಂತೆ ಕಾಯುವುದು ಈ ನೊರೆಯೇ. ನಮ್ಮ ಅಬ್ಬಿಯ ನೀರಿಗೆ ನೊರೆ ಸಲೀಸಾಗಿ ಕಟ್ಟುತ್ತದೆ. ಕಾರವಾರದ ಅಕ್ಕನ ಮನೆಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅಲ್ಲಿ ಇದೇ ಸಾಬೂನು ನೊರೆ ಕೊಡುವುದಿಲ್ಲ. ಕಡಲ ಬದಿಯವರು ಈ ಕೆಲಸಕ್ಕೆ ಕುಡಿಯುವ ನೀರನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಮುಂದಿನದು ಬೇಗ ಮುಗಿಯುತ್ತದೆ. ಹೊಸ ಬ್ಲೇಡನ್ನು ಕಾಗದದ ಸಮೇತ ನಮ್ಮೆದುರೇ ಉದ್ದಕ್ಕೆ ಎರಡಾಗಿ ಮುರಿದು, ಅರ್ಧವನ್ನು ಕ್ಷೌರದ ಕತ್ತಿಗೆ ಸಿಕ್ಕಿಸುತ್ತಾರೆ. ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಒಂದು ಸುತ್ತು. ಎದುರು ಹೆರೆಯುವುದಿಲ್ಲ. ಸಂಜೆಗೆ ಸವರಿದರೆ ತುಸು ತರಿತರಿ ಎನಿಸುತ್ತದೆ, ಅದು ನಮಗೆ ಲೆಕ್ಕಕ್ಕಿಲ್ಲ. ಕತ್ತಿನ ಮೇಲಿನ ಕೆಂಪು ಚುಕ್ಕೆಗಳು ಹೋಗಿವೆ.

ಕೊರತೆಗಳೂ ಇವೆ. ಮಂಗಳವಾರ ಅವರ ಅಂಗಡಿಗೆ ರಜೆ, ಮನೆಗೆ ಬರಲು ಅವರಿಗೆ ಅನುಕೂಲದ ದಿನ ಅದೇ. ಆದರೆ ಅಪ್ಪ ಮಂಗಳವಾರ ಕ್ಷೌರಕ್ಕೆ ಸುತರಾಂ ಒಪ್ಪುವುದಿಲ್ಲ, ನಮ್ಮಂಥ ಬಹಳ ಮನೆಗಳಲ್ಲಿ ಹೀಗೆಯೇ. ಹಾಗಾಗಿ ಬುಧವಾರ ಅಂಗಡಿ ತೆರೆಯುವ ಮುನ್ನ ಬರುತ್ತಾರೆ, ಜೋರು ಮಳೆಯ ದಿನ ತಪ್ಪಿಸಿಕೊಳ್ಳುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಅವರನ್ನು ಕಾಯುವುದೇ ಬೇಡ. ಇನ್ನೊಂದು ಮಾತು ಸ್ವಚ್ಛತೆಯದು. ಬ್ಲೇಡ್ ಹೊಸದಾದರೂ ಬ್ರಷ್ ಮತ್ತು ಪಟಿಕದ ಕಲ್ಲು ಎಲ್ಲ ಮನೆಗೂ ಒಂದೇ ಆಗಿದ್ದವು. ಗೀರಿದ ಜಾಗಕ್ಕೆ ತಾಗಿಸುವ ಕಲ್ಲು ಹಂಚಿಕೊಳ್ಳುವಂಥದ್ದಲ್ಲ. ನಾನು ಎರಡನ್ನೂ ಬೇರೆ ಕೊಂಡು ಇಟ್ಟೆ, ಅವರು ಬೇಸರ ಮಾಡಿಕೊಳ್ಳಲಿಲ್ಲ. ನಮ್ಮ ಮಳೆಗಾಲಕ್ಕೆ ಬ್ರಷ್ ಒಣಗದೆ ಮುಗ್ಗಲು ಹಿಡಿಯುತ್ತದೆ; ಚೆನ್ನಾಗಿ ಕೊಡವಿ, ಕೂದಲು ಕೆಳಗಾಗಿ, ಒಲೆಯಿಂದ ತುಸು ದೂರದಲ್ಲಿ ತೂಗುಹಾಕಿ. ಕೊನೆಗೆ ಹಚ್ಚುತ್ತಿದ್ದ ಸ್ಪಿರಿಟ್ ವಾಸನೆಯ ಲೋಷನ್ ಅಪ್ಪನಿಗೆ ಉರಿಯುತ್ತಿತ್ತು. ಬೇಡವೆಂದ ಮೇಲೆ ಬಿಟ್ಟರು.

ಹೋಗಿಬರುವ ಪೆಟ್ರೋಲ್ ಸೇರಿ 200 ರೂಪಾಯಿ. ಅಂಗಡಿಯ ದರಕ್ಕೆ ಹೋಲಿಸಿದರೆ ಹೆಚ್ಚು, ಅವರು ಕೊಡುವ ಸಮಯಕ್ಕೆ ಹೆಚ್ಚೆಂದು ನನಗೆ ಅನಿಸಿಲ್ಲ. ಕರೆಯುವವರು ಮೊದಲ ಮಾತಿನಲ್ಲೇ ರೋಗಿಯ ಮಾತ್ರೆಗಳ ವಿಷಯ ತಿಳಿಸಿ. ನಾವು ವೈದ್ಯರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಕತ್ತಿಗೆ ಹೂಂ ಎಂದದ್ದು. ವೈದ್ಯರು ಬೇಡವೆಂದ ಮನೆಗಳಿಗೆ ಇವರು ಕತ್ತಿ ತರುವುದೇ ಇಲ್ಲ, ಟ್ರಿಮ್ಮರ್ ಮಾತ್ರ ತರುತ್ತಾರೆ. ಅಲ್ಲಿ ಬಿಸಿ ಟವೆಲ್ ಸುತ್ತುವುದು ಗಡ್ಡ ತೆಗೆದಾದ ಮೇಲೆ, ಏಕೆಂದರೆ ಟ್ರಿಮ್ಮರ್ ಚೆನ್ನಾಗಿ ಓಡುವುದು ಒಣ ಕೂದಲಿನ ಮೇಲೆ.