ಅಗ್ನಿವೀರನೋ, ಎನ್‌ಸಿಸಿ ಜೊತೆಗೆ ಪದವಿಯೋ?

ಪಿಯುಸಿ ಮುಗಿಸಿ ಸೇನೆಗೆ ಸೇರಬಯಸುವವರು ಮೊದಲು ಮನೆಯ ಹಣಕಾಸನ್ನು ನೋಡಬೇಕು. ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಕ್ಕೆ ಸೇನೆ ಸೇರುವ ಅಗ್ನಿವೀರರಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ನಿಗದಿಯಾಗಿದ್ದರೂ ಸೇವಾನಿಧಿಯ (ಸೇವೆ ಮುಗಿದಾಗ ಸಿಗುವ ಇಡಿಗಂಟು) ಕಡಿತ ಕಳೆದು 21,000 ಕೈಸೇರುತ್ತದೆ. ಪದವಿಯ ಹಾದಿಯಲ್ಲಿ ಮೂರು ವರ್ಷ ಖರ್ಚೇ ಹೊರತು ಸಂಬಳವಿಲ್ಲ.

ಭದ್ರತೆಯ ಲೆಕ್ಕ ಬೇರೆ. 2022ರಲ್ಲಿ ಆರಂಭವಾದ ಅಗ್ನಿಪಥದಲ್ಲಿ ನಾಲ್ಕು ವರ್ಷಗಳ ಬಳಿಕ ಕಾಯಂ ಸೇವೆ ದೊರೆಯುವುದು ಗರಿಷ್ಠ ಶೇ 25ರಷ್ಟು ಮಂದಿಗೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯೊಂದಿಗೆ, ಪಿಂಚಣಿಯಿಲ್ಲದೆ ಮರಳುತ್ತಾರೆ. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿಯೂ ಪದವಿಯಲ್ಲಿ ಶೇ 50 ಅಂಕವೂ ಇದ್ದವರಿಗೆ, ಲಿಖಿತ ಪರೀಕ್ಷೆಯಿಲ್ಲದೆ, ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುವ ವಿಶೇಷ ಪ್ರವೇಶದ ದಾರಿಯಿದೆ. ಅಲ್ಲಿ ಬಹಳ ಮಂದಿ ಮೊದಲ ದಿನವೇ ಹಿಂತಿರುಗುತ್ತಾರೆ (ಪರೇಡಿನ ಶಿಸ್ತೊಂದೇ ಸಾಲದು), ಆದರೂ ಪದವಿ ಕೈಯಲ್ಲಿರುತ್ತದೆ.

ಮನೆಗೆ ಈಗಲೇ ದುಡಿಮೆ ಬೇಕಿದ್ದು, 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಬಲ್ಲವರಿಗೆ ಭರ್ತಿ ರ‍್ಯಾಲಿ ಸೂಕ್ತ. ಓದಿಸುವ ಶಕ್ತಿ ಮನೆಗಿದ್ದು, ಅಧಿಕಾರಿಯಾಗುವ ಹಂಬಲವಿದ್ದವರು ಎನ್‌ಸಿಸಿ ಘಟಕವಿರುವ ಕಾಲೇಜನ್ನೇ ಆರಿಸಿಕೊಳ್ಳಲಿ.